ಖಾಲಿ ಮಜ್ಜೆ: ಏಪ್ಲಾಸ್ಟಿಕ್ ಅನೀಮಿಯಾನಾ, ಎಂಡಿಎಸ್ಸಾ?

ನಮ್ಮ ಪಿಜಿ ಮಕ್ಕಳು ಸ್ಲೈಡ್ ಹಿಡಿದು ನನ್ನ ಹತ್ತಿರ ಬರುವುದು ಜಾಸ್ತಿ ಈ ಪ್ರಶ್ನೆಗೇ. ಏಪ್ಲಾಸ್ಟಿಕ್ ಅನೀಮಿಯಾ ಅಂದರೆ ಮೂಳೆಮಜ್ಜೆಯಲ್ಲಿ ರಕ್ತಕಣ ಹುಟ್ಟಿಸುವ ಮೂಲಕಣಗಳೇ ಖಾಲಿಯಾಗಿರುವುದು. ಎಂಡಿಎಸ್ (ಮೈಲೋಡಿಸ್ಪ್ಲಾಸ್ಟಿಕ್ ಸಿಂಡ್ರೋಮ್) ಅಂದರೆ ಆ ಮೂಲಕಣಗಳೇ ಕೆಟ್ಟು ಸೊಟ್ಟ ಕಣ ಹುಟ್ಟಿಸುವ, ಕ್ಯಾನ್ಸರ್ ಜಾತಿಯ ಕಾಯಿಲೆ. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಕಡಿಮೆ. ಟ್ರೆಫೈನ್ ಬಯಾಪ್ಸಿ (ದಪ್ಪ ಸೂಜಿಯಿಂದ ತೆಗೆದ ಮೂಳೆ-ಮಜ್ಜೆಯ ತುಂಡು) ತುಂಬ ಬರೀ ಕೊಬ್ಬು. ಎಷ್ಟು ಖಾಲಿ ಅನ್ನುವುದರಿಂದ ಉತ್ತರ ಸಿಗಲ್ಲ. ಉಳಿದಿರುವ ಕಣಗಳು ಹೇಗಿವೆ, ನೋಡಿ.

ಮೊದಲು ತುಂಡಿನ ಉದ್ದ. ಒಂದೂವರೆ ಸೆಂಟಿಮೀಟರ್ ಆದರೂ ಇರಲಿ. ಮೂಳೆಯ ಹೊರಪದರಕ್ಕೆ ತಾಗಿದ ಮಜ್ಜೆ ವಯಸ್ಸಾದವರಲ್ಲಿ ಸಹಜವಾಗಿಯೇ ಖಾಲಿ. ಅದನ್ನು ಲೆಕ್ಕಕ್ಕೆ ತಗೋಬೇಡಿ. 100ರಲ್ಲಿ ವಯಸ್ಸು ಕಳೆದರೆ ಎಷ್ಟು ಶೇಕಡಾ ಕಣ ಇರಬೇಕು ಅಂತ ಅಂದಾಜು ಸಿಗುತ್ತದೆ. 70 ವರ್ಷದ ಅಜ್ಜನಲ್ಲಿ ಶೇ 30 ಕಂಡರೆ ಗಾಬರಿ ಬೇಡ.

ಆಮೇಲೆ ಮೆಗಾಕ್ಯಾರಿಯೋಸೈಟ್, ಅಂದರೆ ಪ್ಲೇಟ್‌ಲೆಟ್ ತಯಾರಿಸುವ ದೊಡ್ಡ ಕಣ, ಹುಡುಕಿ. ನಾನು ಹೆಚ್ಚು ನಂಬುವುದು ಇವನ್ನೇ. ಏಪ್ಲಾಸ್ಟಿಕ್‌ನಲ್ಲಿ ಇವು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದೇ ದುಂಡು ನ್ಯೂಕ್ಲಿಯಸ್ ಇರುವ ಪುಟಾಣಿಗಳು ಕಂಡರೆ ಎಂಡಿಎಸ್ ಅನುಮಾನ. ಎಚ್ ಅಂಡ್ ಇ ಅನ್ನುವ ಮಾಮೂಲಿ ಸ್ಟೇನ್‌ನಲ್ಲಿ ಅವು ಲಿಂಫೋಸೈಟ್ ತರಹ ಕಾಣಿಸಿ ತಪ್ಪಿಸಿಕೊಳ್ಳುತ್ತವೆ. ಮೆಗಾಕ್ಯಾರಿಯೋಸೈಟ್ ಗುರುತಿಸುವ ಸಿಡಿ61 ಸ್ಟೇನ್ ಹಾಕಿದರೆ ಕಂದು ಬಣ್ಣ ಹಿಡಿದು ಸಿಕ್ಕಿಬೀಳುತ್ತವೆ. ಕೆಂಪು ಕಣದ ಮರಿಗಳು ಸ್ವಲ್ಪ ಸೊಟ್ಟಗಿವೆ ಅಂತ ಮಾತ್ರಕ್ಕೆ ಎಂಡಿಎಸ್ ಅನ್ನಬೇಡಿ. ಏಪ್ಲಾಸ್ಟಿಕ್‌ನಲ್ಲೂ ಹಾಗಿರುತ್ತವೆ, ಬಿ12 ಕಡಿಮೆಯಾದರೂ ಅಷ್ಟೇ.

ಸಿಡಿ34 (ಎಳೆಯ ಮೂಲಕಣಗಳನ್ನೂ ರಕ್ತನಾಳದ ಒಳಗೋಡೆಯನ್ನೂ ಗುರುತಿಸುವ ಸ್ಟೇನ್) ನೋಡುವಾಗ ಮೊದಲು ರಕ್ತನಾಳದ ಒಳಗೋಡೆ ನೋಡಿ. ಅದು ಕಂದಾಗಿದ್ದರೆ ಸ್ಟೇನ್ ಕೆಲಸ ಮಾಡಿದೆ ಅಂತ ಅರ್ಥ. ಏಪ್ಲಾಸ್ಟಿಕ್‌ನಲ್ಲಿ ಅದನ್ನು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಮೂಳೆಯಿಂದ ದೂರ, ನಡುಮಧ್ಯೆ, ಮೂರೋ ನಾಲ್ಕೋ ಕಂದು ಕಣ ಗುಂಪು ಕಟ್ಟಿದ್ದರೆ ಎಂಡಿಎಸ್ ಕಡೆ ವಾಲಿ.

ರೆಟಿಕ್ಯುಲಿನ್, ಅಂದರೆ ಮಜ್ಜೆಯ ಸಣ್ಣ ನಾರಿನೆಳೆ, ಏಪ್ಲಾಸ್ಟಿಕ್‌ನಲ್ಲಿ ಹೆಚ್ಚಿರುವುದಿಲ್ಲ. ಕಪ್ಪು ಎಳೆಗಳು ಬಲೆ ಕಟ್ಟಿದ್ದರೆ ಆ ಹೆಸರು ಬರೆಯುವ ಮುಂಚೆ ನಿಲ್ಲಿ.

ಕಬ್ಬಿಣಕ್ಕೆ ಪರ್ಲ್ಸ್ ಸ್ಟೇನ್ ಆಸ್ಪಿರೇಟ್ ಸ್ಮಿಯರ್ (ಸೂಜಿಯಲ್ಲಿ ಹೀರಿ ಗಾಜಿನ ಮೇಲೆ ಹರಡಿದ ಮಜ್ಜೆ) ಮೇಲೇ ಮಾಡಿ. ಮೂಳೆ ಮೆತ್ತಗಾಗಿಸುವ ಆಸಿಡ್ ಟ್ರೆಫೈನ್‌ನಲ್ಲಿರುವ ಕಬ್ಬಿಣವನ್ನೂ ತೊಳೆದುಬಿಡುತ್ತದೆ. ಕೆಂಪು ಕಣದ ಮರಿಯ ನ್ಯೂಕ್ಲಿಯಸ್ ಸುತ್ತ ಕನಿಷ್ಠ ಮೂರನೇ ಒಂದು ಭಾಗ ಆವರಿಸಿ 5 ಅಥವಾ ಹೆಚ್ಚು ನೀಲಿ ಚುಕ್ಕಿಗಳಿದ್ದರೆ ಅದು ರಿಂಗ್ ಸಿಡೆರೋಬ್ಲಾಸ್ಟ್. ಏಪ್ಲಾಸ್ಟಿಕ್‌ನಲ್ಲಿ ಇದು ಇರಬಾರದು.

ಇಷ್ಟಾದರೂ ಕೆಲವು ಕೇಸ್ ಬಗೆಹರಿಯಲ್ಲ. ಆಗ ಕ್ರೋಮೋಸೋಮ್ ಪರೀಕ್ಷೆ ಬೇಕು. 7ನೆಯದು ಒಂದು ಕಾಣೆಯಾಗಿದ್ದರೆ ತಕ್ಕಡಿ ಎಂಡಿಎಸ್ ಕಡೆಗೇ. ಆದರೆ ಅದಕ್ಕೆ ಮಜ್ಜೆ ಹೆಪಾರಿನ್ ಟ್ಯೂಬ್‌ನಲ್ಲಿ ಬರಬೇಕು, ಇಡಿಟಿಎಯಲ್ಲಲ್ಲ (ಎರಡೂ ಹೆಪ್ಪುಗಟ್ಟದಂತೆ ಹಾಕುವ ರಾಸಾಯನಿಕಗಳು). ಸೂಜಿ ಹಾಕುವ ಮುಂಚೆಯೇ ವಾರ್ಡಿಗೆ ಫೋನ್ ಮಾಡಿ ಹೇಳಿಬಿಡಿ.