ಪದ್ಮ ಪ್ರಶಸ್ತಿಗೆ ಹೆಸರು ಕಳಿಸುವುದು ಹೇಗೆ? ಬಿನ್ನವತ್ತಳೆ ಬೇಡ, ಲೆಕ್ಕ ಇರಲಿ

ಊರಿಗೊಬ್ಬ ಒಳ್ಳೆಯ ಡಾಕ್ಟರೋ ಮೇಷ್ಟರೋ ಇದ್ದರೆ, ‘ಇವರಿಗೆ ಪದ್ಮಶ್ರೀ ಬರಬೇಕಿತ್ತು ಕಣ್ರೀ’ ಎನ್ನುವವರು ಹತ್ತು ಮಂದಿ ಸಿಗುತ್ತಾರೆ. ಹೆಸರು ಕಳಿಸಿದ್ದೀರಾ ಎಂದು ಕೇಳಿ ನೋಡಿ, ಹತ್ತೂ ಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಎಂಎಲ್‌ಎ ಪತ್ರ ಬೇಕು, ಡಿಸಿ ಆಫೀಸಿನಿಂದಲೇ ಹೋಗಬೇಕು ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಅದ್ಯಾವುದೂ ಬೇಕಾಗಿಲ್ಲ. ಯಾರು ಬೇಕಾದರೂ ಹೆಸರು ಸೂಚಿಸಬಹುದು, ತಮ್ಮ ಹೆಸರನ್ನು ತಾವೇ ಸೂಚಿಸಿಕೊಳ್ಳಲೂ ಅಡ್ಡಿಯಿಲ್ಲ. ಶುಲ್ಕವೂ ಇಲ್ಲ.

ನಾಲ್ಕಾರು ಅರ್ಜಿಗಳಿಗೆ ನಾನೂ ಕೈಜೋಡಿಸಿದ್ದೇನೆ. ಕೆಟ್ಟವೆಲ್ಲ ಕೆಟ್ಟಿದ್ದು ಒಂದೇ ಜಾಗದಲ್ಲಿ. ಅದು ಮೂರನೆಯ ಹಂತ.

ಹಂತ 1: ಅರ್ಹತೆ ನೋಡಿಕೊಳ್ಳಿ. ಸರ್ಕಾರಿ ನೌಕರಿಯಲ್ಲಿರುವವರಿಗೆ, ಸಾರ್ವಜನಿಕ ಉದ್ದಿಮೆಗಳ ನೌಕರರಿಗೆ ಪದ್ಮ ಪ್ರಶಸ್ತಿ ಇಲ್ಲ. ವೈದ್ಯರಿಗೂ ವಿಜ್ಞಾನಿಗಳಿಗೂ ಮಾತ್ರ ವಿನಾಯಿತಿ. ಮರಣೋತ್ತರವಾಗಿ ಕೊಡುವುದು ಅಪರೂಪ, ಹಾಗಾಗಿ ಬದುಕಿರುವಾಗಲೇ ಕಳಿಸಿ.

ಹಂತ 2: ಖಾತೆ ತೆರೆಯಿರಿ. ರಾಷ್ಟ್ರೀಯ ಪುರಸ್ಕಾರ ಪೋರ್ಟಲ್ (ಅವಾರ್ಡ್ಸ್ ಡಾಟ್ ಗವ್ ಡಾಟ್ ಇನ್) ಒಂದೇ ದಾರಿ, ಅಂಚೆಯಲ್ಲಿ ಕಳಿಸಿದ ಕಡತ ಲೆಕ್ಕಕ್ಕಿಲ್ಲ. ಕೊನೆಯ ದಿನಾಂಕ ವರ್ಷ ವರ್ಷ ಬದಲಾಗುತ್ತದೆ. 2024ರಲ್ಲಿ ಸೆಪ್ಟೆಂಬರ್ 15 ಇತ್ತು, ಮರುವರ್ಷ ಜುಲೈ 31 ಎಂದು ಹೇಳಿ ಆಮೇಲೆ ವಿಸ್ತರಿಸಿದರು. ವಿಸ್ತರಣೆಯನ್ನು ನಂಬಿ ಕೂರಬೇಡಿ.

ಹಂತ 3: 800 ಪದ. ಸಾಧನೆಯನ್ನು ವಿವರಿಸುವ ಬರಹ 800 ಪದ ಮೀರುವಂತಿಲ್ಲ. ಇಲ್ಲಿ ನಮ್ಮವರು ಮಾಡುವುದೇನು? ಕಳೆದ ವರ್ಷ ಸನ್ಮಾನದಲ್ಲಿ ಓದಿದ ಬಿನ್ನವತ್ತಳೆಯನ್ನೇ ಟೈಪ್ ಮಾಡಿ ಹಾಕುವುದು. ನಮ್ಮ ಪೇಟೆಯ ಡಾಕ್ಟರೊಬ್ಬರ ಪರವಾಗಿ ಗೆಳೆಯರ ಸಂಘ ತಯಾರಿಸಿದ್ದ ಕರಡು ಶುರುವಾಗುತ್ತಿದ್ದುದೇ ಹೀಗೆ: ‘ವೈದ್ಯೋ ನಾರಾಯಣೋ ಹರಿಃ ಎಂಬ ಮಾತಿಗೆ ಅನ್ವರ್ಥರಾದ, ದೀನರ ಆಶಾಕಿರಣ, ಸರಳ ಸಜ್ಜನಿಕೆಯ ಸಾಕಾರಮೂರ್ತಿ...’ ಒಂದೂವರೆ ಪುಟ ಓದಿದರೂ ಅವರು ಯಾವ ಊರಲ್ಲಿ ಕೂರುತ್ತಾರೆಂದು ಗೊತ್ತಾಗಲಿಲ್ಲ. ಉಳಿದರ್ಧ ಪುಟ ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ ಪಡೆದ ಸಭೆಗಳ ಪಟ್ಟಿ.

ಅದನ್ನು ಬದಿಗಿಟ್ಟು ಹೊಸದಾಗಿ ಬರೆದೆವು. 1987ರಿಂದ ಇದೇ ಪೇಟೆಯಲ್ಲಿದ್ದಾರೆ. ಫೀಸು 20 ರೂಪಾಯಿ. ಹಾವು ಕಚ್ಚಿದವರನ್ನು 70 ಕಿಲೋಮೀಟರ್ ದೂರದ ಜಿಲ್ಲಾಸ್ಪತ್ರೆಗೆ ಒಯ್ಯಬೇಕಿದ್ದ ಕಾಲದಲ್ಲಿ, ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಾತ್ರೆಯ ಪಕ್ಕ ವಿಷನಿರೋಧಕ ಚುಚ್ಚುಮದ್ದು ಇಟ್ಟುಕೊಂಡಿದ್ದರು. ಎಷ್ಟು ಮಂದಿಗೆ ಕೊಟ್ಟರು? ‘ಲೆಕ್ಕ ಇಟ್ಟವರ್ಯಾರು’ ಅಂದರು ಡಾಕ್ಟರು. ಲೆಕ್ಕ ಇತ್ತು. ಅಕ್ಕಿ ಚೀಲದಲ್ಲಿ ತುಂಬಿಟ್ಟಿದ್ದ ಹಳೆಯ ರಿಜಿಸ್ಟರುಗಳಲ್ಲಿ ಹಾವಿನ ಕೇಸಿಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದರು. ಕಂಪೌಂಡರ ಜೊತೆ ಮೂರು ಭಾನುವಾರ ಕೂತು ಎಣಿಸಿದಾಗ 214 ಆಯಿತು. ಉಳಿಯದೆ ಹೋದವರು ಒಂಬತ್ತು. ಅದನ್ನೂ ಬರೆಯಿರಿ ಎಂದವರು ಡಾಕ್ಟರೇ. ಬರೆದೆವು.

ನನ್ನ ಕಟ್ಟಪ್ಪಣೆ ಇಷ್ಟು: ಮೊದಲ ವಾಕ್ಯದಲ್ಲೇ ಕೆಲಸ ಬರಬೇಕು. ಹರೇಕಳ ಹಾಜಬ್ಬ ಅವರ ಸಾಧನೆಯನ್ನು ಹೇಳಲು ಎಷ್ಟು ಮಾತು ಬೇಕು? ಕಿತ್ತಳೆ ಮಾರಿದ ದುಡ್ಡಿನಿಂದ ಊರಿಗೆ ಶಾಲೆ ತಂದರು. ಮುಗಿಯಿತು. ಸುಳ್ಯದ ಎಂಜಿನಿಯರ್ ಗಿರೀಶ್ ಭಾರದ್ವಾಜ್ 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿದರು, ಆಮೇಲೆ ಅಂಥವು ನೂರು ದಾಟಿದವು, 2017ರಲ್ಲಿ ಪದ್ಮಶ್ರೀ ಬಂತು. ಇದರಲ್ಲಿ ಒಂದಾದರೂ ಬಿರುದು ಇದೆಯೇ? ಮೊದಲು ಏನಿರಲಿಲ್ಲ, ಇವರು ಏನು ಮಾಡಿದರು, ಈಗ ಏನಿದೆ: ಈ ಮೂರನ್ನು ಇಸವಿ ಸಮೇತ ಹೇಳಿ. ‘ಸಾವಿರಾರು’, ‘ಅಸಂಖ್ಯಾತ’ ಎಂಬ ಪದ ಕಂಡಲ್ಲೆಲ್ಲ ನಿಲ್ಲಿಸಿ ಎಣಿಸಿ. ಎಣಿಸಲಾಗದಿದ್ದರೆ ಆ ವಾಕ್ಯವನ್ನೇ ಹೊಡೆದುಹಾಕಿ.

ದುಡ್ಡು ಕೊಟ್ಟು ತಂದ ಗೌರವ ಡಾಕ್ಟರೇಟನ್ನು ದಯವಿಟ್ಟು ಹಾಕಬೇಡಿ. ‘ರಾಷ್ಟ್ರಮಟ್ಟದ ಸೇವಾರತ್ನ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ, ನೋಂದಣಿಗೆ ಇಷ್ಟು ಕಟ್ಟಿ’ ಎಂದು ವಾಟ್ಸ್ಆ್ಯಪಿನಲ್ಲಿ ಬರುತ್ತದಲ್ಲ, ಆ ಫಲಕವೂ ಬೇಡ. ಅಂಥ ನಾಲ್ಕು ಸಾಲು ಪಕ್ಕದ ನಿಜವಾದ ನಲವತ್ತು ವರ್ಷಕ್ಕೂ ಮಸಿ ಬಳಿಯುತ್ತವೆ. ಎಐಗೆ ಹೇಳಿ ಬರೆಸುವ ಅಡ್ಡದಾರಿಯನ್ನೂ ಒಬ್ಬರು ಹಿಡಿದಿದ್ದರು. ಬಂದದ್ದು ಮತ್ತೊಂದು ಬಿನ್ನವತ್ತಳೆ, ಕಾಗುಣಿತ ಮಾತ್ರ ಸರಿಯಿತ್ತು.

ಹಂತ 4: ಇಂಗ್ಲಿಷಿಗೆ ತನ್ನಿ. ಆಯ್ಕೆ ಸಮಿತಿಯ ಅಧ್ಯಕ್ಷತೆ ಸಂಪುಟ ಕಾರ್ಯದರ್ಶಿಯದು. ಗೃಹ ಕಾರ್ಯದರ್ಶಿ, ರಾಷ್ಟ್ರಪತಿಯವರ ಕಾರ್ಯದರ್ಶಿ ಜೊತೆಗೆ ನಾಲ್ಕರಿಂದ ಆರು ಮಂದಿ ಗಣ್ಯರು ಇರುತ್ತಾರೆ. ಅವರಿಗೆ ಕನ್ನಡ ಬರುತ್ತದೆಂಬ ಖಾತ್ರಿ ಏನು? ಆದರೂ ಮೊದಲು ಕನ್ನಡದಲ್ಲೇ ಬರೆಯಿರಿ, ಆಮೇಲೆ ಊರಿನ ಇಂಗ್ಲಿಷ್ ಮೇಷ್ಟರಿಗೆ ಒಂದು ಕಾಫಿ ಕುಡಿಸಿ. ‘ನಡೆದಾಡುವ ದೇವರು’ ಎಂಬುದನ್ನು ‘ವಾಕಿಂಗ್ ಗಾಡ್’ ಮಾಡಿದ ಅರ್ಜಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಹಂತ 5: ಕ್ಷೇತ್ರ ಆರಿಸಿ, ಸಲ್ಲಿಸಿ, ಸ್ವೀಕೃತಿಯ ಪ್ರಿಂಟ್ ಇಟ್ಟುಕೊಳ್ಳಿ. ಬಡವರ ಡಾಕ್ಟರನ್ನು ‘ವೈದ್ಯಕೀಯ’ಕ್ಕೆ ಹಾಕಬೇಕೋ ‘ಸಮಾಜಸೇವೆ’ಗೋ ಎಂದು ನಮ್ಮಲ್ಲಿ ಎರಡು ದಿನ ಜಗಳವೇ ಆಯಿತು. ನನ್ನ ಮತ ವೈದ್ಯಕೀಯಕ್ಕೆ.

ಇನ್ನು ಕಾಯುವುದು. ನಡುವೆ ಯಾರಾದರೂ ಫೋನ್ ಮಾಡಿ ‘ದೆಹಲಿಯಲ್ಲಿ ಮಾತಾಡುತ್ತೇನೆ, ಸ್ವಲ್ಪ ಖರ್ಚಾಗುತ್ತದೆ’ ಎಂದರೆ ಫೋನ್ ಇಟ್ಟುಬಿಡಿ. ವರ್ಷಕ್ಕೆ ಕೊಡುವುದು ಹೆಚ್ಚೆಂದರೆ 120, ಮರಣೋತ್ತರ ಮತ್ತು ವಿದೇಶದಲ್ಲಿರುವವರಿಗೆ ಕೊಡುವವು ಬೇರೆ. ಪಟ್ಟಿ ಗಣರಾಜ್ಯೋತ್ಸವದ ಮುನ್ನಾದಿನ ಬರುತ್ತದೆ. ಬಂದವರಿಗೆ ಸಿಗುವುದು ರಾಷ್ಟ್ರಪತಿಯವರ ಸಹಿಯ ಸನ್ನದು, ಪದಕ. ನಗದಿಲ್ಲ. ಹೆಸರಿನ ಹಿಂದೆ ಮುಂದೆ ‘ಪದ್ಮಶ್ರೀ’ ಎಂದು ಹಾಕಿಕೊಳ್ಳುವಂತೆಯೂ ಇಲ್ಲ, ನಮ್ಮ ಆಮಂತ್ರಣ ಪತ್ರಿಕೆಗಳಿಗೆ ಇದು ಇನ್ನೂ ತಲುಪಿಲ್ಲ.

ಸಿಗದಿದ್ದರೆ ಮುಂದಿನ ವರ್ಷ ಮತ್ತೆ ಸಲ್ಲಿಸಬಹುದು. ನಮ್ಮ ಡಾಕ್ಟರ ಹೆಸರು ಎರಡು ಸಲ ಹೋಗಿದೆ, ಬಂದಿಲ್ಲ. ಈ ಸಲ 214 ಎಂಬುದನ್ನು ತಿದ್ದಬೇಕು. ಹೊಸ ರಿಜಿಸ್ಟರು ಎಣಿಸಲು ಬರುವ ಭಾನುವಾರ ಬನ್ನಿ ಎಂದಿದ್ದಾರೆ ಕಂಪೌಂಡರು.