ಓಮ್‌ನ ನಿಯಮ: ಮೊದಲು ತಂತಿ, ಆಮೇಲೆ ಬಲ್ಬ್, ಕೊನೆಗೆ ಸೂತ್ರ

ಬೋರ್ಡಿನ ಮೇಲೆ ‘ವಿ = ಐಆರ್’ (ವೋಲ್ಟೇಜ್ = ಕರೆಂಟ್ × ಅದಕ್ಕೆ ಬರುವ ತಡೆ, ಅಂದರೆ ರೋಧ) ಬರೆದು ನಾಲ್ಕು ಲೆಕ್ಕ ಮಾಡಿಸಿದರೆ ಓಮ್‌ನ ನಿಯಮ ಒಂದೇ ಪೀರಿಯಡ್‌ನಲ್ಲಿ ಮುಗಿದುಹೋಗುತ್ತದೆ. ಮಕ್ಕಳು ಲೆಕ್ಕವನ್ನು ಸರಿಯಾಗಿಯೇ ಮಾಡುತ್ತಾರೆ. ಆದರೆ ಅದೇ ಮಕ್ಕಳನ್ನು ‘ಬಲ್ಬಿನ ಒಳಗೆ ಹೋಗುವ ಕರೆಂಟ್ ಹೆಚ್ಚೋ, ಹೊರಗೆ ಬರುವ ಕರೆಂಟ್ ಹೆಚ್ಚೋ?’ ಎಂದು ಕೇಳಿ ನೋಡಿ. ‘ಬಲ್ಬ್ ಸ್ವಲ್ಪ ತಿಂದುಹಾಕುತ್ತದೆ’ ಎಂಬ ಉತ್ತರ ಬಂದೇ ಬರುತ್ತದೆ. ಈ ನಂಬಿಕೆ ಅಲುಗದೆ ಸೂತ್ರ ಕಲಿಸಿ ಪ್ರಯೋಜನವಿಲ್ಲ. ಆದ್ದರಿಂದ ಪಾಠವನ್ನು ಎರಡು ಪೀರಿಯಡ್‌ಗೆ ಹಿಗ್ಗಿಸಿ, ಸೂತ್ರವನ್ನು ಕೊನೆಗೆ ತಳ್ಳಿ.

ಏನೇನು ಬೇಕು

ಪ್ರತಿ ಗುಂಪಿಗೆ 1.5 ವೋಲ್ಟಿನ ನಾಲ್ಕು ಸೆಲ್, ಹೋಲ್ಡರ್, ಒತ್ತಿದಾಗ ಮಾತ್ರ ಕೂಡುವ ಸ್ವಿಚ್, 0–500 ಮಿಲಿಆಂಪಿಯರ್ ಅಮ್ಮೀಟರ್, 0–10 ವೋಲ್ಟಿನ ವೋಲ್ಟ್‌ಮೀಟರ್, ಮೊಸಳೆ ಕ್ಲಿಪ್ ಇರುವ ಆರೇಳು ವೈರು, 2.5 ವೋಲ್ಟ್ 0.3 ಆಂಪಿಯರ್‌ನ ಎರಡು ಟಾರ್ಚ್ ಬಲ್ಬು, 28 ಗೇಜಿನ ನೈಕ್ರೋಮ್ ತಂತಿ ಒಂದೂವರೆ ಮೀಟರ್. ಇಡೀ ತರಗತಿಗೆ ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಬಲ್ಬು ತಂತು (ಕಾದು ಬೆಳಗುವ ಸಣ್ಣ ಎಳೆ) ಇರುವುದೇ ಆಗಬೇಕು. ಎಲ್‌ಇಡಿಯ ನಡವಳಿಕೆಯೇ ಬೇರೆ, ಈ ಪಾಠಕ್ಕೆ ಅದು ಒಗ್ಗುವುದಿಲ್ಲ.

28 ಗೇಜಿನ ನೈಕ್ರೋಮ್‌ಗೆ ಮೀಟರಿಗೆ ಸುಮಾರು 10 ಓಮ್ ರೋಧ. ಒಂದೂವರೆ ಮೀಟರಿಗೆ 15 ಓಮ್. ನಾಲ್ಕು ಸೆಲ್ ಹಾಕಿದರೂ ಕರೆಂಟ್ 400 ಮಿಲಿಆಂಪಿಯರ್ ದಾಟದು, ಹಾಗಾಗಿ ಅಮ್ಮೀಟರಿನ ಮುಳ್ಳು ಸ್ಕೇಲಿನ ಒಳಗೇ ಇರುತ್ತದೆ. ನೈಕ್ರೋಮ್ ಸಿಗಲಿಲ್ಲವೆಂದು ತಾಮ್ರದ ತಂತಿ ಹಾಕುವಂತಿಲ್ಲ. ಅಷ್ಟೇ ದಪ್ಪದ ತಾಮ್ರಕ್ಕೆ ಮೀಟರಿಗೆ 0.15 ಓಮ್, ಅಂದರೆ ಶಾರ್ಟ್ ಸರ್ಕಿಟ್ ಮಾಡಿದ ಹಾಗೆಯೇ. ನೈಕ್ರೋಮನ್ನು ಹಲಗೆಯ ಮೇಲೆ ಮೊಳೆ ಹೊಡೆದು ಅಂಕುಡೊಂಕಾಗಿ ಎಳೆದು ಕಟ್ಟಿ. ಪೆನ್ಸಿಲಿಗೆ ಸುತ್ತಿದರೆ ಸುತ್ತುಗಳು ಒಂದಕ್ಕೊಂದು ತಾಗುತ್ತವೆ. ಮೇಲೆ ಹೊದಿಕೆಯಿಲ್ಲದ ತಂತಿಯಾದ್ದರಿಂದ ರೋಧ ಎಷ್ಟೋ ಕಡಿಮೆಯಾಗಿ ಲೆಕ್ಕ ಕೆಡುತ್ತದೆ.

ಮೊದಲ ಪೀರಿಯಡ್: ಕರೆಂಟ್ ಖರ್ಚಾಗುತ್ತದೆಯೇ?

ಎರಡು ಸೆಲ್, ಒಂದು ಬಲ್ಬ್, ಸ್ವಿಚ್, ಅಮ್ಮೀಟರ್ ಇಷ್ಟನ್ನೂ ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದರಂತೆ, ಜೋಡಿಸಿ. ಸ್ವಿಚ್ ಒತ್ತುವ ಮುಂಚೆ ಪ್ರತಿಯೊಬ್ಬರೂ ತಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದಿಡಲಿ. ಬಾಯಲ್ಲಿ ಹೇಳಿಸಿದರೆ ಸಾಲದು; ಫಲಿತಾಂಶ ಕಂಡ ಮೇಲೆ ಎಲ್ಲರೂ ‘ನಾನೂ ಅದನ್ನೇ ಅಂದೆ’ ಎನ್ನುವವರೇ. ಅಮ್ಮೀಟರನ್ನು ಮೊದಲು ಬಲ್ಬಿನ ಈಚೆ ಇಟ್ಟು ಓದಿ, ಆಮೇಲೆ ಆಚೆ ಇಟ್ಟು ಓದಿ. 300 ಮಿಲಿಆಂಪಿಯರ್ ಆಸುಪಾಸಿನಲ್ಲಿ ಎರಡೂ ಒಂದೇ ಇರುತ್ತದೆ. ಇನ್ನೊಂದು ಬಲ್ಬನ್ನು ಸರಣಿಗೆ ಸೇರಿಸಿ, ಎರಡರ ನಡುವೆಯೂ ಅಳೆಸಿ. ಕರೆಂಟ್ ಒಟ್ಟಾರೆ ಇಳಿದಿರುತ್ತದೆ, ಆದರೆ ಮೂರೂ ಜಾಗದಲ್ಲಿ ಒಂದೇ. ಕರೆಂಟ್ ಖರ್ಚಾಗದಿದ್ದರೆ ಸೆಲ್ ಯಾಕೆ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ ಪಾಠ ಸರಿಯಾದ ದಾರಿಯಲ್ಲಿದೆ ಎಂದರ್ಥ: ಸೆಲ್ ಬಲ್ಬಿಗೆ ಬಿಟ್ಟುಕೊಡುವುದು ಶಕ್ತಿಯನ್ನು, ವಿದ್ಯುದಾವೇಶವನ್ನಲ್ಲ (ಚಾರ್ಜ್).

ಮೀಟರುಗಳು ಅದಲುಬದಲಾಗುವುದು ಇಲ್ಲೇ. ವೋಲ್ಟ್‌ಮೀಟರನ್ನು ಸರಣಿಯಲ್ಲಿ ಹಾಕಿದರೆ ಅದರ ರೋಧ ವಿಪರೀತವಾದ್ದರಿಂದ ಬಲ್ಬ್ ಹೊತ್ತುವುದಿಲ್ಲ, ಮುಳ್ಳು ಮಾತ್ರ ಬ್ಯಾಟರಿಯ ವೋಲ್ಟೇಜನ್ನು ತೋರಿಸುತ್ತದೆ. ಅಪಾಯವೇನಿಲ್ಲ, ಬೇಕೆಂದೇ ಒಮ್ಮೆ ಹಾಗೆ ಜೋಡಿಸಿ ಕಾರಣ ಕೇಳಬಹುದು. ಅಮ್ಮೀಟರನ್ನು ಸಮಾಂತರವಾಗಿ (ಬಲ್ಬಿನ ಎರಡು ತುದಿಗಳಿಗೆ ಅಡ್ಡಲಾಗಿ) ಸಿಕ್ಕಿಸುವುದು ಮಾತ್ರ ಕೂಡದು. ಅದರ ರೋಧ ತೀರಾ ಕಡಿಮೆ, ಮುಳ್ಳು ಪಟ್ಟನೆ ತುದಿಗೆ ಬಡಿಯುತ್ತದೆ. ಮಲ್ಟಿಮೀಟರಿನಲ್ಲಾದರೆ ಒಳಗಿನ ಫ್ಯೂಸ್ ಹೋಗುತ್ತದೆ, ಆಮೇಲೆ ಯಾವ ಕರೆಂಟ್ ಅಳೆದರೂ ಸೊನ್ನೆ. ‘ಮೀಟರ್ ಕೆಟ್ಟಿದೆ’ ಎಂದು ಮೂಲೆಗೆ ಬಿದ್ದ ಎಷ್ಟೋ ಮಲ್ಟಿಮೀಟರುಗಳಿಗೆ ಹೊಸ ಫ್ಯೂಸ್ ಹಾಕಿದರೆ ಸಾಕು.

ಎರಡನೇ ಪೀರಿಯಡ್: ತಂತಿಯ ನಕ್ಷೆ

ಈಗ ಬಲ್ಬ್ ತೆಗೆದು ನೈಕ್ರೋಮ್ ಹಾಕಿ. ವೋಲ್ಟ್‌ಮೀಟರ್ ತಂತಿಯ ಎರಡು ತುದಿಗಳಿಗೆ ಸಮಾಂತರ. ಮುಳ್ಳು ಸೊನ್ನೆಯಲ್ಲಿದೆಯೇ ಎಂದು ಮೊದಲೇ ನೋಡಿಕೊಂಡು, ಇಲ್ಲದಿದ್ದರೆ ಆ ವ್ಯತ್ಯಾಸವನ್ನು ಬರೆದಿಟ್ಟುಕೊಳ್ಳಿ. ಒಂದು ಸೆಲ್, ಎರಡು, ಮೂರು, ನಾಲ್ಕು ಹೀಗೆ ಏರಿಸುತ್ತ ಪ್ರತಿ ಬಾರಿ ಸ್ವಿಚ್ಚನ್ನು ಎರಡು ಮೂರು ಸೆಕೆಂಡಷ್ಟೇ ಒತ್ತಿ, ಎರಡೂ ಮೀಟರ್ ಓದಿ, ಬಿಡಿ. ಒತ್ತಿಯೇ ಹಿಡಿದರೆ ಸೆಲ್‌ನ ವೋಲ್ಟೇಜ್ ನಿಧಾನಕ್ಕೆ ಕುಸಿಯುತ್ತದೆ. ಒಬ್ಬರು ಮೊದಲು ಓದಿದ ವೋಲ್ಟ್, ಇನ್ನೊಬ್ಬರು ಆಮೇಲೆ ಓದಿದ ಆಂಪಿಯರ್ ಜೋಡಿಯಾಗುವುದಿಲ್ಲ. ಈ ನಿಯಮ ಕಂಡುಹಿಡಿದ ಜರ್ಮನ್ ವಿಜ್ಞಾನಿ ಗೆಯೋರ್ಗ್ ಓಮ್‌ಗೂ ಇದೇ ತಲೆನೋವಾಗಿತ್ತು. ಆತನ ಕಾಲದ ಸೆಲ್‌ಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. 1826ರಲ್ಲಿ ಆತ ಬಿಸ್ಮತ್–ತಾಮ್ರದ ಉಷ್ಣಯುಗ್ಮದ (ಎರಡು ತುದಿಗಳ ಉಷ್ಣತೆಯ ವ್ಯತ್ಯಾಸದಿಂದ ವೋಲ್ಟೇಜ್ ಕೊಡುವ ಲೋಹದ ಜೋಡಿ) ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಅಲುಗಾಡದ ವೋಲ್ಟೇಜ್ ಪಡೆದ ಮೇಲೆಯೇ ನಿಯಮ ಕೈಗೆ ಸಿಕ್ಕಿದ್ದು.

ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ವೋಲ್ಟ್‌ಮೀಟರನ್ನು ಓದದೆ ‘ಮೂರು ಸೆಲ್, ಆದ್ದರಿಂದ 4.5’ ಎಂದು ಬರೆದುಬಿಡುವುದು. ಕರೆಂಟ್ ಹರಿಯುವಾಗ ಸೆಲ್‌ನ ಒಳರೋಧದಲ್ಲೇ ಸ್ವಲ್ಪ ವೋಲ್ಟೇಜ್ ಕಳೆದುಹೋಗುತ್ತದೆ. ತಂತಿಗೆ ಸಿಗುವುದು 4.1 ಇರಬಹುದು. ಅಳೆದದ್ದನ್ನೇ ಬರೆಯಲಿ.

ನಕ್ಷೆಯಲ್ಲಿ ವೋಲ್ಟ್ ಅಡ್ಡ ಅಕ್ಷಕ್ಕೆ, ಆಂಪಿಯರ್ ಲಂಬ ಅಕ್ಷಕ್ಕೆ. ಮಿಲಿಆಂಪಿಯರನ್ನು ಮೊದಲೇ ಆಂಪಿಯರಿಗೆ ಇಳಿಸಿ, ಇಲ್ಲದಿದ್ದರೆ ರೋಧ 0.015 ಎಂದು ಬರುತ್ತದೆ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆಯಲು ಬಿಡಬೇಡಿ. ಎಲ್ಲ ಚುಕ್ಕಿಗಳ ನಡುವೆ ಹಾಯುವ ಒಂದೇ ನೇರ ಗೆರೆ, ಅದೂ ಮೂಲಬಿಂದುವಿನಿಂದ. ಹೀಗೆ ಎಳೆದ ಗೆರೆಯ ಇಳಿಜಾರು ರೋಧವಲ್ಲ, ರೋಧದ ವಿಲೋಮ (1/ಆರ್).

ಬಲ್ಬ್ ಏಕೆ ಬಾಗುತ್ತದೆ

ತಂತಿಯ ಗೆರೆ ಮೂಡಿದ ಹಾಳೆಯಲ್ಲೇ ಬಲ್ಬಿನದನ್ನೂ ಎಳೆಸಿ. ಇಲ್ಲಿ ಎರಡು ಸೆಲ್ ಮೀರಬೇಡಿ, ತಂತು ಸುಡುತ್ತದೆ. ನಡುವಿನ ಚುಕ್ಕಿಗಳಿಗಾಗಿ ನೈಕ್ರೋಮನ್ನು ಬಲ್ಬಿನ ಜೊತೆ ಸರಣಿಯಲ್ಲಿ ಸೇರಿಸಿ, ಕ್ಲಿಪ್ಪನ್ನು ತಂತಿಯ ಮೇಲೆ ಸರಿಸುತ್ತ ಹೋಗಿ, ರಿಯೋಸ್ಟಾಟ್ (ರೋಧ ಹೆಚ್ಚುಕಡಿಮೆ ಮಾಡುವ ಸಾಧನ) ಬೇಕಿಲ್ಲ. ಬಲ್ಬಿನ ವೋಲ್ಟೇಜಿಗೆ ಮಲ್ಟಿಮೀಟರ್ ಬಳಸಿ, ಮುಳ್ಳಿನ ಮೀಟರಿನಲ್ಲಿ ಸಣ್ಣ ಬೆಲೆಗಳು ಕಾಣವು. ಒಂದು ಸೆಲ್, ಪೂರ್ತಿ ಒಂದೂವರೆ ಮೀಟರ್ ತಂತಿ ಇದ್ದಾಗ ಬಲ್ಬ್ ಮಿಣುಕುವುದೂ ಇಲ್ಲ. ಆದರೂ ಅಮ್ಮೀಟರ್ 80 ಮಿಲಿಆಂಪಿಯರ್ ಆಸುಪಾಸು ತೋರಿಸುತ್ತದೆ. ‘ಬೆಳಕಿಲ್ಲ, ಕರೆಂಟಿಲ್ಲ’ ಎಂದು ಊಹಿಸಿದ್ದವರು ತಲೆ ಎತ್ತಿ ನೋಡುವ ಘಳಿಗೆ ಇದು, ಅವಸರ ಮಾಡಬೇಡಿ.

ವೋಲ್ಟೇಜ್ ಎರಡು ಪಟ್ಟಾದರೂ ಕರೆಂಟ್ ಎರಡು ಪಟ್ಟಾಗದೆ ಗೆರೆ ಅಡ್ಡಕ್ಕೆ ಬಾಗುತ್ತದೆ. ತಂತು ಕಾದಂತೆ ರೋಧ ಏರುವುದೇ ಕಾರಣ. ನೈಕ್ರೋಮ್ ಬೆಚ್ಚಗಾದರೂ ಅದರ ರೋಧ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಹಾಗಾಗಿ ಅದು ನೇರ. ಈಗ ಬೋರ್ಡಿನ ಮೇಲೆ ‘ವಿ = ಐಆರ್’ ಬರೆಯಿರಿ, ಪಕ್ಕದಲ್ಲೇ ‘ಉಷ್ಣತೆ ಬದಲಾಗದಿದ್ದರೆ ಆರ್ ಸ್ಥಿರ’ ಎಂದೂ ಬರೆಯಿರಿ.

ಸಮಯ ಉಳಿದರೆ ಬಲ್ಬನ್ನು ಬಿಚ್ಚಿ, ತಣ್ಣಗಿರುವಾಗ ಮಲ್ಟಿಮೀಟರಿನ ಓಮ್ ಸ್ಥಾನದಲ್ಲಿ ಅಳೆಯಿರಿ. ಪೂರ್ತಿ ಉರಿಯುವಾಗ 8 ಓಮ್ ದಾಟಿದ್ದ ಬಲ್ಬ್ ಈಗ ಒಂದೆರಡು ಓಮ್ ತೋರಿಸುತ್ತದೆ. ಇಷ್ಟು ಸಣ್ಣ ಬೆಲೆಯಲ್ಲಿ ಮೀಟರಿನ ವೈರುಗಳ ರೋಧವೂ ಸೇರಿಬಿಡುತ್ತದೆ. ಮೊದಲು ಎರಡು ಕಡ್ಡಿಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ಬಂದ ಬೆಲೆಯನ್ನು ಇದರಿಂದ ಕಳೆಯಿರಿ.