ಹೀಪ್ 512 ಎಂಬಿ, ಪ್ರೋಸೆಸ್ 1.4 ಜಿಬಿ: ಉಳಿದದ್ದು ಎಲ್ಲಿ?

ಹೀಪ್ (ಜಾವಾ ಆಬ್ಜೆಕ್ಟ್‌ಗಳು ಕೂರುವ ಮೆಮೊರಿ) ದಾಟಬಾರದ ಮಿತಿಯಾದ ಎಕ್ಸ್‌ಎಮ್‌ಎಕ್ಸ್ 512 ಎಂಬಿ ಕೊಟ್ಟಿದ್ದರೂ ನನ್ನ ಜಾವಾ ಸರ್ವಿಸನ್ನು ಲಿನಕ್ಸಿನ ಓಓಎಂ ಕಿಲ್ಲರ್ (ಮೆಮೊರಿ ಮುಗಿದಾಗ ಪ್ರೋಸೆಸ್ ಕೊಲ್ಲುವ ವ್ಯವಸ್ಥೆ) ಪದೇ ಪದೇ ಮುಗಿಸುತ್ತಿತ್ತು. ಪ್ರೋಸೆಸ್‌ಗಳ ಮೆಮೊರಿ ಬಳಕೆ ತೋರಿಸುವ ಟಾಪ್ ಕಮಾಂಡ್ ತೆರೆದರೆ ವರ್ಚುವಲ್ ಕಾಲಂನಲ್ಲಿ 6 ಜಿಬಿ! ಅದನ್ನು ನೋಡಿ ಅರ್ಧ ದಿನ ಸುಮ್ಮನೆ ಹಾಳು ಮಾಡಿಕೊಂಡೆ. ಅದು ಬರೀ ಕಾಯ್ದಿರಿಸಿದ ವಿಳಾಸಗಳ ಲೆಕ್ಕ. ನೋಡಬೇಕಾದದ್ದು ಆರ್‌ಎಸ್‌ಎಸ್, ಅಂದರೆ ನಿಜವಾಗಿ ರ‍್ಯಾಮ್‌ನಲ್ಲಿ ಕೂತಿರುವ ಪುಟಗಳು. ಅದು 1.4 ಜಿಬಿ ಇತ್ತು.

ಹೀಪ್ ಡಂಪ್ (ಹೀಪಿನಲ್ಲಿರುವುದರ ನಕಲು) ತೆಗೆದರೆ ಅಲ್ಲಿ ಅನುಮಾನ ಬರುವಂಥದ್ದು ಏನೂ ಇಲ್ಲ. ಕೊನೆಗೆ ಜಾವಾ ತಾನು ಪಡೆದ ಮೆಮೊರಿಯ ಲೆಕ್ಕ ಇಡುವ ನೇಟಿವ್ ಮೆಮೊರಿ ಟ್ರ್ಯಾಕಿಂಗನ್ನು ಸಮ್ಮರಿ ಮೋಡ್‌ನಲ್ಲಿ ಆನ್ ಮಾಡಿ (ಸ್ವಲ್ಪ ನಿಧಾನವಾಗುತ್ತದೆ, ಪರವಾಗಿಲ್ಲ) ಜಾವಾದ ಜೆಸಿಎಂಡಿ ಕಮಾಂಡಿನಿಂದ ವರದಿ ತೆಗೆದೆ. ಹೀಪ್, ಮೆಟಾಸ್ಪೇಸ್ (ಕ್ಲಾಸ್‌ಗಳ ಮಾಹಿತಿ), ಕೋಡ್ ಕ್ಯಾಶ್ (ಕಂಪೈಲ್ ಆದ ಕೋಡ್), ಥ್ರೆಡ್ ಸ್ಟ್ಯಾಕ್ ಎಲ್ಲ ಸೇರಿ ಕಮಿಟ್ ಆದದ್ದು, ಅಂದರೆ ಬಳಕೆಗೆಂದು ಪಡೆದದ್ದು, 850 ಎಂಬಿ. ಹಾಗಾದರೆ ಉಳಿದದ್ದು?

ಪ್ರೋಸೆಸ್ಸಿನ ಮೆಮೊರಿ ನಕ್ಷೆ ತೋರಿಸುವ ಪಿಮ್ಯಾಪ್ ಓಡಿಸಿದಾಗ ಕಳ್ಳ ಸಿಕ್ಕಿಬಿದ್ದ: ಸಾಲುಸಾಲಾಗಿ 64 ಎಂಬಿಯ ತುಂಡುಗಳು. ಲಿನಕ್ಸಿನ ಸಿ ಲೈಬ್ರರಿ ಜಿಲಿಬ್‌ಸಿಯ ಮೆಲಾಕ್ (ಮೆಮೊರಿ ಹಂಚುವ ಫಂಕ್ಷನ್) ಅರೀನಾಗಳು, ಅಂದರೆ ಅದು ಮೆಮೊರಿ ಹಂಚಲು ಇಟ್ಟುಕೊಳ್ಳುವ ಪ್ರತ್ಯೇಕ ಜಾಗಗಳು! 64 ಬಿಟ್ ಯಂತ್ರದಲ್ಲಿ ಕೋರ್ ಒಂದಕ್ಕೆ 8ರಂತೆ ಅರೀನಾ ಹುಟ್ಟಬಹುದು. ಖಾಲಿಯಾದ ಜಾಗವನ್ನು ಅವು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಟ್ರ್ಯಾಕಿಂಗ್‌ಗೆ ಇದು ಕಾಣುವುದೂ ಇಲ್ಲ.

ಮೆಲಾಕ್ ಅರೀನಾ ಮ್ಯಾಕ್ಸ್ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 2 ಕೊಟ್ಟು ರೀಸ್ಟಾರ್ಟ್ ಮಾಡಿದೆ. ಎರಡು ದಿನದ ನಂತರವೂ ಆರ್‌ಎಸ್‌ಎಸ್ 900 ಎಂಬಿ ಆಸುಪಾಸಿನಲ್ಲೇ ನಿಂತಿದೆ.